ಗುಲಾಬಿ ಔಷಧ, ಕರಿ ಗುಂಡು

ನಾನು ಮೂವತ್ತನಾಲ್ಕು ವರ್ಷ ಸರಕಾರಿ ದವಾಖಾನೆಗಳಲ್ಲಿ ಕಂಪೌಂಡರ್ ಆಗಿದ್ದವನು. ಈಗ ಆ ಹೆಸರಿನ ನೌಕರಿಯೇ ಇಲ್ಲ. ನಮ್ಮ ಬನಹಟ್ಟಿಯ ಒಂದೇ ಓಣಿಯಲ್ಲಿ ಮೂರು ಮಂದಿ ಫಾರ್ಮಸಿ ಓದಿ ಕೆಲಸ ಹಿಡಿದಿದ್ದಾರೆ. ದಾರಿಯಲ್ಲಿ ಸಿಕ್ಕರೆ, "ಅಜ್ಜಾರ, ನಿಮ್ಮ ಕಾಲದಾಗ ಛಲೋ ಇತ್ತ ಬಿಡ್ರಿ. ಬಣ್ಣದ ನೀರ ಕುಲುಕಿ ಕೊಟ್ರ ಆತು" ಎಂದು ನಗುತ್ತಾರೆ. ಬಣ್ಣದ ನೀರು ಕುಲುಕಿ ಕೊಟ್ಟದ್ದು ಸುಳ್ಳಲ್ಲ. ಆದರೆ ಆ ನೀರಿಗೆ ಬಣ್ಣ ಯಾಕೆ ಹಾಕುತ್ತಿದ್ದೆವು ಎಂಬುದು ಅವರಿಗೆ ಗೊತ್ತಿಲ್ಲ. ಅದನ್ನು ಹೇಳಲು ಕುಳಿತಿದ್ದೇನೆ. ಬಡ್ತಿ, ಬದಲಿ, ಪೆನ್ಶನ್ ಎಲ್ಲ ಸರ್ವಿಸ್ ಬುಕ್ಕಿನಲ್ಲಿವೆ; ಬೇಕಾದವರು ಅಲ್ಲೇ ಓದಿಕೊಳ್ಳಲಿ.

ಸಂಸ್ಥಾನ ಹೋಗಿ ಜಮಖಂಡಿ ಮುಂಬಯಿ ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಅಲ್ಲಿಯ ದವಾಖಾನೆಗೆ ಸೇರಿದೆ. ಮಗ್ಗದ ಮನೆಯ ಹುಡುಗ ಮಗ್ಗ ಬಿಟ್ಟು ಔಷಧ ಅರೆಯುವ ಖಲಬತ್ತು ಹಿಡಿದ ಎಂದು ಅಪ್ಪನಿಗೆ ಬೇಸರವಿತ್ತು. ನನಗೆ ಮಾತ್ರ ಆ ಔಷಧದ ಕೋಣೆ ಮೊದಲ ದಿನವೇ ಹಿಡಿಸಿಬಿಟ್ಟಿತು. ಗೋಡೆಯುದ್ದಕ್ಕೂ ಗಾಜಿನ ಬಿರಟೆಯ ಶೀಸೆಗಳು, ಚಿಕ್ಕ ತಕ್ಕಡಿ, ಅಂಟಿನ ಡಬ್ಬಿ, ಕತ್ತರಿ. ರೋಗಿಗಳು ಮನೆಯಿಂದಲೇ ಬಾಟಲಿ ತರಬೇಕಿತ್ತು. ಎಣ್ಣೆಯ ಬಾಟಲಿ, ಅತ್ತರಿನ ಬಾಟಲಿ, ಕೆಲವರು ತರಬಾರದ ಬಾಟಲಿಯನ್ನೂ ತರುತ್ತಿದ್ದರು. ಅದನ್ನು ಮೂಸಿ ನೋಡಿ ನಾನೇನೂ ಅನ್ನದೆ ತೊಳೆದು ತುಂಬಿಸುತ್ತಿದ್ದೆ. ಕಾಗದದ ಪಟ್ಟಿಯನ್ನು ಮಡಚಿ ಕಚ್ಚು ಹಾಕಿ ಬಾಟಲಿಗೆ ಅಂಟಿಸಿದರೆ, ಒಂದು ಕಚ್ಚಿಗೆ ಒಂದು ಸಲದ ಔಷಧ. ಓದು ಬಾರದವರಿಗೂ ಅದು ತಿಳಿಯುತ್ತಿತ್ತು. ಕುಡಿಯಬಾರದ ಔಷಧಕ್ಕೆ ಮೈಮೇಲೆ ಏಣುಗಳಿರುವ ನೀಲಿ ಶೀಸೆ, ಕತ್ತಲಲ್ಲಿ ಕೈಗೆ ಸಿಕ್ಕರೂ ಬೆರಳಿಗೆ ಗೊತ್ತಾಗಲಿ ಎಂದು. ಇಷ್ಟಾದರೂ ಬೀಳಗಿಯ ಒಬ್ಬ ಗೌಡರು ಮೊಣಕಾಲಿಗೆ ತಿಕ್ಕಲು ಕೊಟ್ಟ ಎಣ್ಣೆಯನ್ನು ಕಚ್ಚಿನ ಪ್ರಕಾರ ಕುಡಿದು ಬಂದು, "ಹೊಟ್ಟಿ ಉರಿತೈತಿ ಖರೆ, ಮೊಳಕಾಲ ಮಾತ್ರ ಹಗರಾಗೈತಿ" ಎಂದಿದ್ದರು. ಅಂಟಿಸಬಾರದ ಕಡೆ ಪಟ್ಟಿ ಅಂಟಿಸಿದ್ದವನು ನಾನೇ.

ಇನ್ನೊಂದು ಸಲ ಮುಧೋಳದ ಬೇಟೆಗಾರನೊಬ್ಬ ಸರದಿಯಲ್ಲಿ ನಿಂತು, ಹೆಸರು ಕೇಳಿದರೆ ರಾಜಾ ಎಂದ, ವಯಸ್ಸು ಕೇಳಿದರೆ ನಾಲ್ಕು ಎಂದ, ಹೊಟ್ಟೆ ಕೆಟ್ಟಿದೆ ಎಂದ. ನಾನು ಕೂಸಿನ ಪ್ರಮಾಣದಲ್ಲಿ ಬೆರೆಸಿ, "ಜೇನುತುಪ್ಪದಾಗ ನೆಕ್ಕಸ್ರಿ" ಎಂದೆ. "ನೆಕ್ಕಾಕ ಅದಕ್ಕ ಹೇಳಿ ಕೊಡಬೇಕೇನ್ರಿ?" ಎಂದು ಆತ ಹೊರಗೆ ಕಟ್ಟಿದ್ದ ಉದ್ದ ಮೂತಿಯ ನಾಯಿಯನ್ನು ತೋರಿಸಿದ. ನಾಯಿಗೆ ವಾಸಿಯಾಯಿತೆಂದು ಮುಂದಿನ ವಾರ ಬಂದು ಹೇಳಿಯೂ ಹೋದ.

ನನ್ನ ಮೇಲಧಿಕಾರಿ ಡಾಕ್ಟರ್ ಮಾಧವರಾಯರು. ಊರೆಲ್ಲ ಅವರನ್ನು ಡಾಕ್ಟರ್ ಸಾಹೇಬರು ಎನ್ನುತ್ತಿತ್ತು. ತೆಳ್ಳಗೆ ಎತ್ತರದ ಮನುಷ್ಯ, ಏರಿದ ದನಿಯಲ್ಲಿ ಮಾತಾಡಿದ್ದನ್ನು ನಾನು ಎಂದೂ ಕೇಳಲಿಲ್ಲ. ಕೆಲಸಕ್ಕೆ ಸೇರಿದ ವಾರದಲ್ಲೇ ನಾನು ಕಿಟಕಿಯಿಂದ ತಲೆ ಹಾಕಿ, "ಯಾರ್ರೀ ಗಣಪ್ಪ, ಜಂತಿನ ಔಷಧ ತಗೊಳ್ರಿ!" ಎಂದು ಕೂಗಿದೆ. ಗಣಪ್ಪ ಎಂಬಾತ ಮೀಸೆಯ ಪೈಲವಾನ. ಇಡೀ ಕಟ್ಟೆ ನಕ್ಕಿತು. ಸಾಹೇಬರು ಮಧ್ಯಾಹ್ನ ಬಾಗಿಲು ಹಾಕಿದ ಮೇಲೆ ಕರೆದರು.

"ಗುರುಪಾದ, ಹೆಸರು ಕೂಗು. ರೋಗ ಕೂಗಬ್ಯಾಡ. ಹೆಸರು ಅವರಪ್ಪ ಇಟ್ಟದ್ದು, ಊರಿಗೆಲ್ಲ ಗೊತ್ತದ. ರೋಗ ನಮಗೊಬ್ಬರಿಗೇ ಹೇಳ್ಯಾರ."

ಗುಲಾಬಿ ಬಣ್ಣದ ಪದ್ಧತಿ ಅವರದೇ. ಆಗ ಜನ ಬಾಟಲಿಯ ಬಣ್ಣ ನೋಡಿಯೇ ಕಾಯಿಲೆ ಹೇಳುತ್ತಿದ್ದರು. ಸುಣ್ಣದ ಹಾಗೆ ಬೆಳ್ಳಗಿದ್ದರೆ ಭೇದಿ, ಕಂದು ಇದ್ದರೆ ಕೆಮ್ಮು. ಹೇಳಿಕೊಳ್ಳಲಾಗದ ರೋಗದ ಔಷಧದ ಬಣ್ಣವೂ ಕಟ್ಟೆಯ ಮೇಲೆ ಕುಳಿತವರಿಗೆ ಬಾಯಿಪಾಠವಾಗಿತ್ತು. ಅದಕ್ಕೆ ಸಾಹೇಬರು ಕುಡಿಯುವ ಔಷಧಗಳಿಗೆಲ್ಲ ಎರಡು ಹನಿ ಕೆಂಪು ಬಣ್ಣ ಹಾಕಿಸುತ್ತಿದ್ದರು. ಎಲ್ಲರ ಕೈಯಲ್ಲೂ ಒಂದೇ ಗುಲಾಬಿ ಬಾಟಲಿ. ಬರೀ ಗುಳಿಗೆ ಬೇಕಾದ ಕೆಲವರಿಗೆ, ಬರಿಗೈಯಲ್ಲಿ ಹೋದರೆ ಅನುಮಾನ ಬರುತ್ತದೆಂದು ಗುಲಾಬಿ ಸಕ್ಕರೆ ನೀರು ತುಂಬಿಸಿ ಕೊಟ್ಟು, ಗುಳಿಗೆಯ ಪೊಟ್ಟಣವನ್ನು ಒಳಗೇ ಅಂಗೈಗೆ ಹಾಕಿ ಕಳಿಸುತ್ತಿದ್ದೆವು. ಫಾರ್ಮಸಿ ಓದಿದ ಮಕ್ಕಳು ನಗುವುದು ಈ ಸಕ್ಕರೆ ನೀರಿಗೇ.

ಇನ್ನು ಭೂತಬಂಗಲೆಯ ವಿಷಯ. ಊರ ಹೊರಗೆ, ಸಂಸ್ಥಾನದ ಕಾಲದ ಒಂದು ಹಳೆಯ ಬಂಗಲೆಯಲ್ಲಿ ಫ್ರೀಮೇಸನ್ನರೆಂಬ ಗುಟ್ಟಿನ ಬಳಗದವರು ಕೂಡುವ ಲಾಡ್ಜು ಇತ್ತು. ತಿಂಗಳಿಗೊಂದು ಶನಿವಾರ ಸಂಜೆ ಹದಿನೈದು ಇಪ್ಪತ್ತು ಮಂದಿ ದೊಡ್ಡವರು ಕಪ್ಪು ಕೋಟು ಹಾಕಿ, ಕೈಯಲ್ಲಿ ಸಣ್ಣ ಚರ್ಮದ ಪೆಟ್ಟಿಗೆ ಹಿಡಿದು ಒಳಗೆ ಹೋಗುತ್ತಿದ್ದರು. ಕಿಟಕಿಗಳೆಲ್ಲ ಮುಚ್ಚುತ್ತಿದ್ದವು. ಬಾಗಿಲಲ್ಲಿ ಒಬ್ಬ ಬಿಚ್ಚುಗತ್ತಿ ಹಿಡಿದು ನಿಲ್ಲುತ್ತಿದ್ದ. ಇಷ್ಟು ಸಾಕಲ್ಲ ಊರಿಗೆ! ಒಳಗೆ ಮನುಷ್ಯರ ತಲೆಬುರುಡೆ ಇದೆ, ದೆವ್ವದ ಜೊತೆ ಊಟ ಮಾಡುತ್ತಾರೆ, ಸೇರಿದವರ ಫೋಟೋ ತೆಗೆದಿಟ್ಟುಕೊಂಡು ಯಾರಾದರೂ ಗುಟ್ಟು ಹೇಳಿದರೆ ಫೋಟೋದ ಕತ್ತಿಗೆ ಸೂಜಿ ಚುಚ್ಚುತ್ತಾರೆ, ಆ ಮನುಷ್ಯ ಎಲ್ಲಿದ್ದರೂ ಅಲ್ಲೇ ಸಾಯುತ್ತಾನೆ. ನಮ್ಮ ಡಾಕ್ಟರ್ ಸಾಹೇಬರು ಅಲ್ಲಿ ದೊಡ್ಡ ಪದವಿಯಲ್ಲಿದ್ದರು. ಔಷಧದ ಚೀಟಿಯಲ್ಲಿ ಅವರು ಬರೆಯುವ ಲ್ಯಾಟಿನ್ ಅಕ್ಷರವೂ ಬಂಗಲೆಯದೇ ಭಾಷೆ ಎಂದು ಜನ ನಂಬಿದ್ದರು. ಅದನ್ನು ಓದಬಲ್ಲ ನನ್ನನ್ನೂ ಕೆಲವರು ಓರೆಗಣ್ಣಿಂದ ನೋಡುತ್ತಿದ್ದರು. ಅದು ನನಗೆ ಒಳಗೊಳಗೇ ಖುಷಿಯೇ ಆಗಿತ್ತು.

ಒಂದು ಶನಿವಾರ ಸಂಜೆ ಬಂಗಲೆಯಿಂದ ಆಳು ಓಡಿ ಬಂದ. ಯಾರಿಗೋ ತಲೆ ತಿರುಗಿದೆ, ಮೂಸುವ ಔಷಧ ಬೇಕು. ನಾನು ಶೀಸೆ ಹಿಡಿದು ಹೋದೆ. ನನ್ನನ್ನು ಜಗಲಿಯಲ್ಲೇ ನಿಲ್ಲಿಸಿದರು. ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು, ಅಲ್ಲಿ ಊಟ ನಡೆದಿತ್ತು. ಊರಿನಲ್ಲಿ ಕಟ್ಟಾ ಮಡಿವಂತರೆಂದು ಹೆಸರಾದ, ಕೋರ್ಟಿನ ಮುನಸೀಫ್ ಸಾಹೇಬರು, ನಮ್ಮ ದವಾಖಾನೆಯಲ್ಲಿ ನೀರನ್ನೂ ಮುಟ್ಟದವರು, ತಂಬಿಗೆ ಹಿಡಿದು ಬಡಿಸುತ್ತಿದ್ದರು. ಸಾಲಿನಲ್ಲಿ ಮುಸಲ್ಮಾನ ಓವರ್ಸಿಯರು, ರಬಕವಿಯ ಬಟ್ಟೆ ವ್ಯಾಪಾರಿ ಚನ್ನಪ್ಪ ಸಾವಕಾರರು, ಪೇಟೆಯ ಬೂಟಿನ ಅಂಗಡಿಯವನು. ಆ ಬೂಟಿನ ಅಂಗಡಿಯವನು ನಮ್ಮ ಕಿಟಕಿಯಲ್ಲಿ ಯಾವಾಗಲೂ ಎರಡು ಮೊಳ ದೂರ ನಿಂತು ಕೈ ಚಾಚುತ್ತಿದ್ದ. ಡಾಕ್ಟರ್ ಸಾಹೇಬರು ಅವನ ಭುಜದ ಮೇಲೆ ಕೈಯಿಟ್ಟು, "ಬ್ರದರ್, ಇನ್ನೊಂಚೂರು ಅನ್ನ ಹಾಕಸ್ಕೊಳ್ರಿ" ಎಂದರು.

ನಾನು ಶೀಸೆ ಕೊಟ್ಟು ಮನೆಗೆ ಬಂದೆ. ತಲೆಬುರುಡೆ, ಕತ್ತಿ ಎಲ್ಲ ಮರೆತುಹೋಯಿತು. ಡಾಕ್ಟರ್ ಸಾಹೇಬರು ನನ್ನ ಭುಜದ ಮೇಲೂ ಹಾಗೆ ಕೈಯಿಟ್ಟು ಹಾಗೆ ಕರೆಯಬೇಕು ಎಂಬ ಆಸೆ ಅಂದು ಹತ್ತಿಕೊಂಡಿತು. ಮೂರು ವರ್ಷ ಅವರ ಕೈಕೆಳಗೆ ದುಡಿದಿದ್ದೆ, ಅವರು ನನ್ನನ್ನು ಮಗನಂತೆ ನೋಡಿಕೊಂಡಿದ್ದರು. ಆದರೂ ಆ ಒಂದು ಮಾತಿಗೆ ನಾನು ಹಸಿದುಬಿಟ್ಟೆ.

ಧೈರ್ಯ ಮಾಡಿ ಒಂದು ಮಧ್ಯಾಹ್ನ ಕೇಳಿದೆ. "ಸಾಹೇಬ್ರ, ನಿಮ್ಮ ಬಂಗಲೆದಾಗ ನಮ್ಮಂಥಾವ್ರನ್ನ ತಗೊಂತಾರೇನ್ರಿ?"

ಅವರು ಪೆನ್ನು ಕೆಳಗಿಟ್ಟರು. "ನಾವು ಯಾರನ್ನೂ ಕರೀಬಾರದು ಅಂತ ಕಟ್ಟಳಿ ಅದ. ಬರಾವ್ರು ತಾವಾಗಿ ಕೇಳಬೇಕು. ನೀ ಕೇಳ್ತೀಯೇನೋ ಅಂತ ಎರಡು ವರ್ಷದಿಂದ ಕಾಯಲಿಕ್ಕತ್ತೇನಿ."

ಎರಡು ವರ್ಷದಿಂದ! ಅಂದು ನಾನು ಬೆರೆಸಿದ ಔಷಧವನ್ನೆಲ್ಲ ಎರಡೆರಡು ಸಲ ತೂಗಿ ನೋಡಬೇಕಾಯಿತು.

ಪದ್ಧತಿ ಹೀಗಿತ್ತು. ಡಾಕ್ಟರ್ ಸಾಹೇಬರು ನನ್ನ ಹೆಸರು ಸೂಚಿಸಿ ಸಹಿ ಮಾಡುವುದು, ಇನ್ನೊಬ್ಬರು ಎರಡನೆಯ ಸಹಿ ಹಾಕುವುದು. ಆಮೇಲೆ ಸದಸ್ಯರೊಬ್ಬರು ನನ್ನ ಮನೆಗೆ ಬಂದು ಮನುಷ್ಯ ಹೇಗಿದ್ದಾನೆ ಎಂದು ನೋಡಿಕೊಂಡು ಹೋಗುವುದು. ಕೊನೆಗೆ ಮತ ಹಾಕುವುದು. ಮುಚ್ಚಿದ ಪೆಟ್ಟಿಗೆಯೊಳಗೆ ಪ್ರತಿಯೊಬ್ಬರೂ ಕೈ ಹಾಕಿ, ಒಪ್ಪಿಗೆಯಿದ್ದರೆ ಬಿಳಿ ಗುಂಡು, ಇಲ್ಲದಿದ್ದರೆ ಕರಿ ಗುಂಡು ಹಾಕುತ್ತಾರೆ. ಯಾರು ಯಾವುದು ಹಾಕಿದರೆಂದು ಯಾರಿಗೂ ಕಾಣುವುದಿಲ್ಲ. ಆ ಲಾಡ್ಜಿನಲ್ಲಿ ಒಂದೇ ಒಂದು ಕರಿ ಗುಂಡು ಬಿದ್ದರೂ ಮುಗಿಯಿತು.

ಮನೆಯಲ್ಲಿ ನನ್ನ ಹೆಂಡತಿ ನೀಲವ್ವ ಅನ್ನ ಬಿಟ್ಟಳು. "ಅಲ್ಲಿ ಫೋಟೋ ತಗೀತಾರಂತ. ಬಾಯಿ ಬಿಟ್ರ ಸೂಜಿ ಚುಚ್ಚತಾರಂತ. ನಿಮ್ಮ ಬಾಯಿ ನನಗ ಗೊತ್ತಿಲ್ಲೇನ್ರಿ? ಎಂಟ ದಿನಾ ಸೈತ ತಡಿಯಾಂಗಿಲ್ಲ ಆ ಫೋಟೋ."

"ಏ, ನಾ ದವಾಖಾನಿ ವಿಷಯ ಒಂದರ ಹೇಳೇನೇನ ನಿನಗ?" ಎಂದು ನಾನು ರೇಗಿದೆ.

"ನನಗ ಹೇಳಿಲ್ಲರಿ. ನನ್ನ ಮುಂದ ನೀವು ಶಾಣ್ಯಾ ಅನ್ನಿಸಿಕೊಳ್ಳೂದ ಬೇಕಾಗಿಲ್ಲ, ಅದಕ್ಕ" ಎಂದಳು. ಆಗ ನಾನು ನಕ್ಕೆ.

ಇಲ್ಲಿ ಗಂಗವ್ವನ ವಿಷಯ ಹೇಳಬೇಕು. ರಬಕವಿಯ ನೇಕಾರರೊಬ್ಬರು ಹತ್ತೊಂಬತ್ತರ ಮಗಳನ್ನು ಕರೆದುಕೊಂಡು ಪ್ರತಿ ಗುರುವಾರ ಮೋಟಾರು ಬಸ್ಸಿನಲ್ಲಿ ಜಮಖಂಡಿಗೆ ಬರುತ್ತಿದ್ದರು. ನಾಚಿಕೆಯ ರೋಗಕ್ಕೆ ಯಾರೂ ತಮ್ಮೂರಿನಲ್ಲಿ ತೋರಿಸಿಕೊಳ್ಳುತ್ತಿರಲಿಲ್ಲ. ರಬಕವಿಯವರು ಜಮಖಂಡಿಗೆ, ಜಮಖಂಡಿಯವರು ಮುಧೋಳಕ್ಕೆ. ಗಂಗವ್ವನ ತೋಳಿನ ಹಿಂಬದಿ, ಕುಪ್ಪಸದ ಒಳಗೆ, ಒಂದು ರೂಪಾಯಿಯಗಲ ಬಿಳಿಚಿದ ಕಲೆ. ಸಾಹೇಬರು ಅಲ್ಲಿ ಹಕ್ಕಿಯ ಗರಿ ಆಡಿಸಿದರು, ಸೂಜಿ ತಾಗಿಸಿದರು; ಹುಡುಗಿಗೆ ಗೊತ್ತಾಗಲಿಲ್ಲ. ಕುಷ್ಠದ ಮೊದಲ ಗುರುತು. ನಮ್ಮ ಕಡೆ ದೊಡ್ಡ ರೋಗ ಎನ್ನುತ್ತಾರೆ, ಆ ಹೆಸರನ್ನೂ ದನಿ ಇಳಿಸಿ ಹೇಳುತ್ತಾರೆ. ಅದೇ ಸುಮಾರಿಗೆ ಅದಕ್ಕೆ ಮುಂಬಯಿಯಿಂದ ಹೊಸ ಗುಳಿಗೆ ಬರತೊಡಗಿತ್ತು. ಮೊದಲೆಲ್ಲ ಎಣ್ಣೆಯ ಇಂಜೆಕ್ಷನ್ನು, ಚುಚ್ಚಿದಲ್ಲಿ ಗಡ್ಡೆ ಕಟ್ಟುತ್ತಿತ್ತು. ಈ ಗುಳಿಗೆ ನುಂಗಿದರೆ ಎರಡು ವರ್ಷದಲ್ಲಿ ಕಲೆ ಹೋಗುತ್ತದೆ, ಇದು ಇನ್ನೊಬ್ಬರಿಗೆ ಹತ್ತುವ ಜಾತಿಯದಲ್ಲ ಎಂದು ಸಾಹೇಬರು ಹುಡುಗಿಯನ್ನು ಹೊರಗೆ ಕಳಿಸಿ ತಂದೆಗೆ ಧೈರ್ಯ ಹೇಳಿದರು.

ತಂದೆ ಕೈಮುಗಿದರು. "ಹುಡಿಗಿಗೆ ಹೇಳಬ್ಯಾಡ್ರಿ ಸಾಹೇಬ್ರ. ಮದಿವಿ ಗೊತ್ತಾಗೈತಿ. ಆಕಿಗೆ ತಿಳದ್ರ ಆಕಿ ಮಾರಿ ನೋಡಿ ಮಂದಿಗೆ ತಿಳಿತೈತಿ."

ಸಾಹೇಬರಿಗೆ ಅದು ಹಿಡಿಸಲಿಲ್ಲ. "ಆಕೀ ಮೈ, ಆಕೀಗೆ ಗೊತ್ತಿರಬೇಕು" ಎಂದರು. ತಂದೆ ಅಳತೊಡಗಿದಾಗ, ವಾಸಿಯಾದ ಮೇಲೆ ಹೇಳಬೇಕು ಎಂಬ ಮಾತಿನ ಮೇಲೆ ಒಪ್ಪಿದರು. ಗಂಗವ್ವ ಅದನ್ನು ಹುಳುಕಡ್ಡಿ ಎಂದೇ ತಿಳಿದಿದ್ದಳು. ಗುಲಾಬಿ ಬಾಟಲಿ ಹಿಡಿದು ಎಲ್ಲರ ಜೊತೆ ಕಟ್ಟೆ ಇಳಿದು ಹೋಗುತ್ತಿದ್ದಳು.

ನನ್ನ ಮನೆ ನೋಡಲು ಬಂದವರು ಚನ್ನಪ್ಪ ಸಾವಕಾರರು. ರಬಕವಿಯಲ್ಲಿ ಅರ್ಧ ಓಣಿಯ ಮಗ್ಗಗಳಿಗೆ ನೂಲು ಕೊಟ್ಟು ಸೀರೆ ಕೊಳ್ಳುತ್ತಿದ್ದ ಮನುಷ್ಯ. ಜೋಯಿಸರನ್ನು ಕಂಡರೆ ಚೇಷ್ಟೆ ಮಾಡುವುದರಲ್ಲಿ ಹೆಸರುವಾಸಿ. ನೀಲವ್ವ ಹೆದರಿಕೊಂಡೇ ಚಹಾ ಕೊಟ್ಟಳು. ಸಾವಕಾರರು ನಮ್ಮ ಮನೆತನ, ಓದು ಎಲ್ಲ ಕೇಳಿದರು. ಕೊನೆಗೆ ನಗುತ್ತ, "ನಮ್ಮಲ್ಲಿ ದೊಡ್ಡ ಮಾತ ಒಂದ ನೋಡ್ರಿ. ಕೇಳಿದ್ದನ್ನ ಹೊಟ್ಟ್ಯಾಗ ಇಟಗೊಬೇಕು. ನಿಮ್ಮಿಂದ ಆಗತೈತೇನು?" ಎಂದರು.

ಆಗ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ನನ್ನ ಹೊಟ್ಟೆ ಎಷ್ಟು ಆಳ ಎಂದು ತೋರಿಸಬೇಕಾಗಿತ್ತು ನನಗೆ. ಅವರು ಮೆಚ್ಚಬೇಕು, ಡಾಕ್ಟರ್ ಸಾಹೇಬರಿಗೆ ಹೋಗಿ ಹೇಳಬೇಕು ಎಂದು ನಾನು ಉಬ್ಬಿ ಮಾತಾಡಿದೆ.

"ಸಾವಕಾರ್ರ, ನಮ್ಮ ದವಾಖಾನಿ ಗುಟ್ಟ ನಿಮಗೇನ ಗೊತ್ತರಿ! ನಿಮ್ಮೂರಿನಾವ್ರ ಒಬ್ಬರು ಗುರುವಾರಕ್ಕೊಮ್ಮೆ ಮಗಳನ್ನ ಕರಕೊಂಡ ಬರ್ತಾರು. ದೊಡ್ಡ ರೋಗರಿ. ತೋಳಿನ ಮ್ಯಾಲ ಒಂದ ಕಲಿ. ಹುಡಿಗಿಗೆ ಸೈತ ಗೊತ್ತಿಲ್ಲ, ಮದಿವಿ ಗೊತ್ತಾಗೈತಿ, ಬೀಗರಿಗೂ ಗೊತ್ತಿಲ್ಲ. ಗುಲಾಬಿ ನೀರ ಕೊಟ್ಟ ಕಳಸ್ತೇವಿ. ಹೆಸರ ಮಾತ್ರ ಕೇಳಬ್ಯಾಡ್ರಿ, ತಲಿ ಹೋದ್ರೂ ಹೇಳಾಂಗಿಲ್ಲ."

ಸಾವಕಾರರ ಕೈಯಲ್ಲಿ ಬಸಿ ಓರೆಯಾಗಿ ಚಹಾ ಧೋತರದ ಮೇಲೆ ಚೆಲ್ಲಿತು. ಅವರು ಒರೆಸಿಕೊಳ್ಳಲಿಲ್ಲ. "ಹೆಸರ ಬ್ಯಾಡ ಬಿಡ್ರಿ" ಎಂದು ಎದ್ದರು. ನಾನು ಅವರನ್ನು ಓಣಿಯ ತುದಿಯವರೆಗೆ ಕಳಿಸಿ ಬಂದೆ. ಅವರು ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ನನ್ನ ಗಾಂಭೀರ್ಯಕ್ಕೆ ಬೆರಗಾಗಿದ್ದಾರೆ ಎಂದುಕೊಂಡೆ.

ಮತದ ಮರುದಿನ ಡಾಕ್ಟರ್ ಸಾಹೇಬರು ಔಷಧದ ಕೋಣೆಗೆ ತಾವೇ ಬಂದರು. ಅವರು ಆ ಕೋಣೆಗೆ ಬರುವುದು ಅಪರೂಪ. "ಆಗಲಿಲ್ಲ ಗುರುಪಾದ" ಎಂದರು. "ಒಂದು ಕರೇದು ಬಿತ್ತು."

"ಯಾರ್ರಿ?"

"ಗೊತ್ತಿಲ್ಲ. ಗೊತ್ತಾದ್ರೂ ಹೇಳಾಂಗಿಲ್ಲ. ನೀನೂ ಹುಡುಕಬ್ಯಾಡ. ಮಂದಿ ಕೈಯಾಗ ಹುಡುಕೋದಕ್ಕಿಂತ ನಿನ್ನೊಳಗ ಒಂದು ಸಲ ನೋಡಿಕೋ."

ನಾನು ನೋಡಿಕೊಳ್ಳಲಿಲ್ಲ. ನೇರ ಮುನಸೀಫರ ಮೇಲೆ ಅನುಮಾನ ಪಟ್ಟೆ. ಒಳಗೆ ಎಷ್ಟೇ ಬಡಿಸಲಿ, ನೇಕಾರರ ಹುಡುಗನನ್ನು ಆ ಮಡಿವಂತ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆಯೇ! ಎರಡು ವರ್ಷ ನಾನು ಆ ಮನುಷ್ಯನಿಗೆ ಕೊಟ್ಟ ಕಿರುಕುಳ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಅವರ ಕೆಮ್ಮಿನ ಔಷಧಕ್ಕೆ ಬೇಕೆಂದೇ ತಡ ಮಾಡುತ್ತಿದ್ದೆ. ಅವರ ಸಿಪಾಯಿಯನ್ನು ಸರದಿಯ ಕೊನೆಗೆ ನಿಲ್ಲಿಸುತ್ತಿದ್ದೆ. ರುಚಿಗೆ ಹಾಕುವ ಸಿಹಿಯನ್ನು ಅವರ ಬಾಟಲಿಗೆ ಮಾತ್ರ ಹಾಕುತ್ತಿರಲಿಲ್ಲ. ಅವರು ಒಂದು ದಿನವೂ ದೂರು ಹೇಳಲಿಲ್ಲ.

ಗುರುವಾರಗಳು ನಡೆದೇ ಇದ್ದವು. ಒಂದು ಗುರುವಾರ ಗಂಗವ್ವನ ತಂದೆ ಕಿಟಕಿಯಲ್ಲಿ ಕಣ್ಣು ತುಂಬಿಕೊಂಡು ಹೇಳಿದರು. "ಬೀಗರು ಮದಿವಿ ಎರಡ ವರ್ಷ ಮುಂದ ಹಾಕ್ಯಾರ್ರಿ. ಹುಡಗಗ ಗುರುಬಲ ಇಲ್ಲಂತ. ದೇವರ ಕಣ್ಣ ತೆರದಂಗಾತ ನೋಡ್ರಿ." ನನಗೂ ಸಂತೋಷವಾಯಿತು. ಎರಡು ವರ್ಷ ತುಂಬುವ ಹೊತ್ತಿಗೆ ಗರಿ ಆಡಿಸಿದರೆ ಗಂಗವ್ವ ನಕ್ಕು ತೋಳು ಎಳೆದುಕೊಳ್ಳುತ್ತಿದ್ದಳು. ಸಾಹೇಬರು ಗುಳಿಗೆ ನಿಲ್ಲಿಸಿದರು. ತಂದೆ ಮಗಳಿಗೆ ಹೇಳುತ್ತೇನೆ ಎಂದು ಮತ್ತೊಮ್ಮೆ ಮಾತು ಕೊಟ್ಟರು. ಮುಂದಿನ ತಿಂಗಳು ಲಗ್ನಪತ್ರಿಕೆ ತಂದು ಕೈಗಿಟ್ಟರು.

ವರನ ತಂದೆಯ ಹೆಸರಿನಲ್ಲಿ ಚನ್ನಪ್ಪ ಸಾವಕಾರರು ಎಂದಿತ್ತು.

"ಸಾವಕಾರ್ರು ನಿಮಗ ಏನಾಗಬೇಕ್ರಿ?" ಎಂದು ಕೇಳಿದೆ.

"ನನ್ನ ಹೇಣ್ತಿ ಅಣ್ಣರಿ. ಗಂಗವ್ವಗ ಸ್ವಾದರಮಾವ. ಹುಟ್ಟಿದಾಗಿಂದ ಆ ಮನಿಗೇ ಅಂತ ಆಗಿತ್ತರಿ."

ನಾನು ಕಿಟಕಿಯ ಬಾಗಿಲು ಹಾಕಿ ಒಳಗೆ ಸ್ಟೂಲಿನ ಮೇಲೆ ಕುಳಿತೆ. ಬೀಗರಿಗೂ ಗೊತ್ತಿಲ್ಲ ಎಂದು ಬೀಗರ ಮುಂದೆಯೇ ಕೊಚ್ಚಿಕೊಂಡಿದ್ದೆ.

ಮದುವೆಗೆ ಹೋಗದಿದ್ದರೆ ತಪ್ಪಾದೀತೆಂದು ಹೋದೆ. ಸಾವಕಾರರು ಚಪ್ಪರದ ಬಾಯಲ್ಲಿ ನಿಂತಿದ್ದರು. ಜೋಯಿಸರನ್ನು ಕಂಡರೆ ನಗುವ ಆ ಮನುಷ್ಯ ಗುರುಬಲದ ನೆಪ ಹೂಡಿ ಎರಡು ವರ್ಷ ತಮ್ಮ ಮನೆಯವರ ಬಾಯಿಗೆಲ್ಲ ಗುರಿಯಾಗಿದ್ದರೆಂದು ಅಲ್ಲಿ ಹೆಂಗಸರು ಆಡಿಕೊಳ್ಳುತ್ತಿದ್ದರು. ನನ್ನನ್ನು ನೋಡಿ, "ಬಂದ್ರಿ, ಛಲೋ ಆತು. ಊಟ ಮಾಡಿಕೊಂಡ ಹೋಗ್ರಿ" ಎಂದರು. ಬೇರೆ ಏನೂ ಇಲ್ಲ. ತಂಗಿಗೂ ಹೇಳಿರಲಿಲ್ಲ, ತಂಗಿಯ ಗಂಡನಿಗೂ ತಮಗೆ ತಿಳಿದಿದೆ ಎಂದು ತೋರಿಸಿರಲಿಲ್ಲ. ಆ ಕರಿ ಗುಂಡು ಅವರದೇ ಎಂದು ನಾನು ಆಣೆ ಮಾಡಿ ಹೇಳಲಾರೆ. ಅವರದಾಗಿದ್ದರೆ ಸರಿಯಾದ ಜಾಗಕ್ಕೇ ಬಿದ್ದಿತ್ತು.

ಮುನಸೀಫರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಯಾಕೆ ಎಂದು ಕೇಳಿದರು. ಗಂಗವ್ವನ ಮಾತು ಎತ್ತದೆ, ಕರಿ ಗುಂಡು ಅವರದೆಂದು ತಿಳಿದು ಕಾಡಿದ್ದನ್ನು ಹೇಳಿದೆ. ಅವರು ಬಹಳ ಹೊತ್ತು ಕೆಮ್ಮಿ ಆಮೇಲೆ, "ನಿನ್ನ ಅರ್ಜಿಗೆ ಎರಡನೇ ಸಹಿ ನಂದಿತ್ತಲ್ಲೋ ಗುರುಪಾದ. ಔಷಧ ಕಹಿ ಆಗಿದ್ದು ಯಾಕಂತ ಈಗ ತಿಳೀತು" ಎಂದು ನಕ್ಕರು. ಅಂದಿನಿಂದ ಅವರ ಬಾಟಲಿಗೆ ಎರಡು ಪಾಲು ಸಿಹಿ ಹಾಕಿದೆ.

ರಾಜ್ಯಗಳು ಮರುವಿಂಗಡಣೆಯಾದ ವರ್ಷ ಜಮಖಂಡಿ ಮುಂಬಯಿಯಿಂದ ಮೈಸೂರಿಗೆ ಬಂತು. ನೌಕರದಾರರಲ್ಲಿ ಮುಂಬಯಿ ಕಡೆಯವರು ಆ ಕಡೆಗೆ ಹೋದರು. ಮುನಸೀಫರು ಹೋದರು, ಓವರ್ಸಿಯರು ಹೋದರು, ಡಾಕ್ಟರ್ ಸಾಹೇಬರಿಗೂ ಪುಣೆಯ ಕಡೆ ವರ್ಗವಾಯಿತು. ಲಾಡ್ಜು ನಡೆಸಲು ಜನ ಸಾಲದೆ ಮುಚ್ಚಿದರು. ಸಾಮಾನು ಸಾಗಿಸುವ ದಿನ ಬೆಳಗ್ಗೆ ಸಾಹೇಬರು ನನ್ನನ್ನು ಕರೆಸಿದರು. ಅಷ್ಟು ವರ್ಷ ಆಸೆಪಟ್ಟ ಬಾಗಿಲು ಹಾರುಹೊಡೆದಿತ್ತು. ಕತ್ತಿಯವನಿರಲಿಲ್ಲ.

ಒಳಗೆ ಕರಿ ಬಿಳಿ ಚೌಕದ ನೆಲ, ಮೂರು ದೊಡ್ಡ ಕುರ್ಚಿ, ಒಂದು ಮೇಜು. ಮೂಲೆಯಲ್ಲಿ ಎರಡು ಕಲ್ಲು. ಒಂದು ಗುಡ್ಡದಿಂದ ತಂದ ಹಾಗೇ ಒರಟು, ಇನ್ನೊಂದು ನಯವಾಗಿ ಕಡೆದದ್ದು.

"ಇಷ್ಟಽ ನೋಡು" ಎಂದರು ಸಾಹೇಬರು. "ಒರಟು ಕಲ್ಲು ಬರುವಾಗಿನ ಮನುಷ್ಯಾ. ನಯವಾದದ್ದು ಆಗಬೇಕಾದಾಂವ."

"ಮತ್ತ ಗುಟ್ಟೇನ್ರಿ ಸಾಹೇಬ್ರ?"

ಅವರು ಕುರ್ಚಿಯ ಮೇಲೆ ಕುಳಿತರು. ಆ ಕೋಣೆಯಲ್ಲಿ ನನ್ನನ್ನೂ ಕೂರಿಸಿದರು. "ನಾವು ಕೈ ಹಿಡಿಯೋ ರೀತಿ ಒಂದದ, ಹೇಳೋ ಶಬ್ದ ಒಂದದ. ಅದನ್ನ ನಿನಗ ಈಗ ಹೇಳಿದ್ರ ನೀ ನಕ್ಕೀ. ಅದರಾಗ ಏನೂ ಇಲ್ಲ. ಆದ್ರ ಏನೂ ಇಲ್ಲದ್ದನ್ನ ಇಪ್ಪತ್ತು ವರ್ಷ ಹೊಟ್ಟ್ಯಾಗ ಇಟಗೊಂಡು ರೂಢಿ ಆಗಿರತದ ನೋಡು, ಮುಂದ ಒಬ್ಬರ ಜೀವದ ಮಾತು ಬಂದಾಗ ಅದೂ ಒಳಗ ನಿಲ್ಲತದ. ಅದಕ್ಕಂತ ಇಷ್ಟೆಲ್ಲಾ ಕತ್ತಿ, ಬಾಗಿಲ."

ನಾನು ತಡೆಯಲಾರದೆ ಎಲ್ಲ ಹೇಳಿದೆ. ಚಹಾ, ಸಾವಕಾರರು, ಗಂಗವ್ವ, ನನ್ನ ಬಡಾಯಿ. ಮದುವೆಯಾದ ಮೇಲೂ ಮೂರು ವರ್ಷ ಸಾಹೇಬರ ಎದುರೇ ಓಡಾಡಿಯೂ ಅವರಿಗೆ ಹೇಳಿರಲಿಲ್ಲ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಆಕೀಗೆ ಅವರಪ್ಪ ಹೇಳಿರಾಂಗಿಲ್ಲ" ಎಂದರು ಕೊನೆಗೆ. "ಒಂದಿನ ನೀ ಹೇಳು. ರೋಗದ್ದೂ ಹೇಳು, ನಿಂದೂ ಹೇಳು. ಆ ಗುಟ್ಟು ಆಕೀದು. ನಂದಲ್ಲ, ನಿಂದಲ್ಲ, ಅವರಪ್ಪಂದೂ ಅಲ್ಲ."

ಹೊರಡುವಾಗ ಒರಟು ಕಲ್ಲನ್ನು ನನಗೆ ಕೊಟ್ಟರು. "ಇದು ಇಲ್ಲೀ ಗುಡ್ಡದ್ದು. ಇಲ್ಲೇ ಇರಲಿ" ಎಂದರು. ಭುಜದ ಮೇಲೆ ಕೈಯಿಡುತ್ತಾರೇನೋ ಎಂದು ನಾನು ಒಂದು ಕ್ಷಣ ನಿಂತೇ ಇದ್ದೆ. ಅವರು ಟಾಂಗಾ ಹತ್ತಿದರು. ಮತ್ತೆ ನಾನು ಅವರನ್ನು ನೋಡಲಿಲ್ಲ. ತೀರಿಕೊಂಡ ಸುದ್ದಿ ಆರು ತಿಂಗಳು ತಡವಾಗಿ ಬಂತು.

ಆಮೇಲಿನ ಇಪ್ಪತ್ತಾರು ವರ್ಷಗಳಲ್ಲಿ ಮಿಶ್ರಣಗಳು ಹೋದವು, ಬಾಟಲಿ ತೊಳೆಯುವುದು ಹೋಯಿತು, ಪಟ್ಟಿಗೆ ಕಚ್ಚು ಹಾಕುವ ಕತ್ತರಿ ತುಕ್ಕು ಹಿಡಿಯಿತು. ಹೊಳೆಯುವ ಹಾಳೆಯಲ್ಲಿ ಗುಳಿಗೆಗಳು ಬಂದವು, ಯಾವ ರೋಗದ್ದೆಂದು ಊರಿಗೇ ತಿಳಿಯುವ ಹಾಗೆ ಮೇಲೆ ಹೆಸರು ಅಚ್ಚು ಹಾಕಿಕೊಂಡು. ನಾನು ಯಾರ ವಿಷಯವನ್ನೂ ಮತ್ತೆ ಬಾಯಿಬಿಡಲಿಲ್ಲ. ಆದರೆ ಸಾಹೇಬರು ಹೇಳಿದ ಆ ಒಂದು ಕೆಲಸವನ್ನು ಮಾತ್ರ ಮಾಡಲಿಲ್ಲ, ಗಂಗವ್ವನಿಗೆ ಹೇಳಲಿಲ್ಲ. ಸಾವಕಾರರು ಇರುವತನಕ ಅವರಿಗೆ ತೊಂದರೆಯಾದೀತು ಎಂಬ ನೆಪ ಸಿಕ್ಕಿತ್ತು. ಅವರು ಹೋದ ಮೇಲೆ ಹಳೆಯದನ್ನು ಯಾಕೆ ಕೆದಕಬೇಕು ಎಂಬ ನೆಪ. ಖರೆ ಹೇಳಬೇಕೆಂದರೆ ನನಗೆ ಹೆದರಿಕೆ. ಒರಟು ಕಲ್ಲನ್ನು ನೀಲವ್ವ ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಹೇರಿಟ್ಟಿದ್ದಳು. ಉಪ್ಪಿನಕಾಯಿ ಬೇಕಾದಾಗಲೆಲ್ಲ ಅದನ್ನು ಎತ್ತಬೇಕಾಗುತ್ತಿತ್ತು.

ಕಳೆದ ಚಳಿಗಾಲದಲ್ಲಿ ಗಂಗವ್ವ ತಾನೇ ಬಂದಳು. ಮೊಮ್ಮಗಳ ಮೈಮೇಲೆ ಒಂದು ಕಲೆ ಕಂಡು ಗಾಬರಿಯಾಗಿ, ಹಳೆಯ ಕಂಪೌಂಡರರಿಗೆ ತೋರಿಸೋಣ ಎಂದು ಕರೆತಂದಿದ್ದಳು. ನಾನು ಕೋಳಿಯ ಗರಿ ಹುಡುಕಿ ತಂದು ಆಡಿಸಿದೆ. ಮಗು ಕಿಲಕಿಲ ನಕ್ಕಿತು. ಬರೀ ಹುಳುಕಡ್ಡಿ.

ಗಂಗವ್ವ ಗರಿಯನ್ನೇ ನೋಡುತ್ತಿದ್ದಳು. "ನನಗೂ ಹಿಂಗ ಆಡಸ್ತಿದ್ರಲ್ರಿ ಡಾಕ್ಟರ್ ಸಾಹೇಬ್ರು. ಯಾಕರಿ? ನಮ್ಮಪ್ಪ ಸಾಯೂತನಕ ಹೇಳಲಿಲ್ಲ."

ನೀಲವ್ವ ಮಗುವನ್ನು ಒಳಗೆ ಕರೆದುಕೊಂಡು ಹೋದಳು. ನಾನು ಹೇಳಿದೆ. ರೋಗದ ಹೆಸರು ಹೇಳಿದೆ. ಯಾರ ಮುಂದೆ ಬಾಯಿಬಿಟ್ಟೆ, ಯಾಕೆ ಬಾಯಿಬಿಟ್ಟೆ, ಅದನ್ನೂ ಹೇಳಿದೆ. ಹೇಳಿ ಮುಗಿಯುವತನಕ ಆಕೆಯ ಮುಖ ನೋಡುವ ಧೈರ್ಯವಾಗಲಿಲ್ಲ.

"ಮಾವಗ ಗೊತ್ತಿತ್ತೇನ್ರಿ?" ಎಂದಳು.

"ಗೊತ್ತಿತ್ತವ್ವ. ಮದಿವಿಕಿಂತ ಎರಡ ವರ್ಷ ಮೊದಲ."

ಆಕೆ ತನ್ನ ಅಂಗೈಗಳನ್ನು ಮಡಿಲಲ್ಲಿ ತಿರುವಿ ನೋಡಿಕೊಂಡಳು. "ನಾ ಆ ಮನಿಗಿ ಹೋದ ಮೊದಲನೇ ದಿನಾ ಎಲ್ಲಾರಕಿಂತ ಮೊದಲ ಮಾವ ಬಂದ ತಾಟಿನ ಮುಂದ ಕುಂತ್ರು. ಗಂಗವ್ವ ಬಡದ ರೊಟ್ಟಿ ಮೊದಲ ನನಗ ಹಾಕ್ರಿ ಅಂದ್ರು. ಸಾಯೂತನಕ ಅದ ರೂಢಿರಿ. ನನ್ನ ಕೈಯಾಗ ಬಡದ ರೊಟ್ಟಿ ಇಲ್ಲಂದ್ರ ಉಣತಿರಲಿಲ್ಲ. ಅತ್ತಿ ಸಿಟ್ಟಾಗತಿದ್ಲು. ಯಾಕಂತ ನನಗ ಇಷ್ಟ ವರ್ಷ ತಿಳಿದಿರಲಿಲ್ಲ."

ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ನಾನು ಪಂಚೆಯಿಂದ.

ಏಳುವಾಗ ಕೇಳಿದಳು. "ನಿಮ್ಮನ್ನ ಆ ಬಂಗಲ್ಯಾಗ ತಗೊಳಲಿಲ್ಲೇನ್ರಿ?"

"ಇಲ್ಲವ್ವ."

"ಛಲೋ ಮಾಡಿದ್ರು ಬಿಡ್ರಿ" ಎಂದಳು. ನಗುತ್ತಲೇ ಎಂದಳು, ಆದರೂ ತಾಗಿತು. ತಾಗಬೇಕಾದದ್ದೇ.

ಇದನ್ನೆಲ್ಲ ಬರೆಯಲೇ ಎಂದು ಆಕೆಯನ್ನೇ ಕೇಳಿದೆ. ಹೊಸದಾಗಿ ಈ ಕೆಲಸಕ್ಕೆ ಬರುವವರು ಓದಲಿ, ಬರೀರಿ, ಆದರೆ ನನ್ನ ಗುರುತು ಹತ್ತಬಾರದು ಎಂದಳು. ಹಾಗಾಗಿ ಓಣಿಯ ಮಕ್ಕಳೇ, ರಬಕವಿಯ ತುಂಬ ತಿರುಗಿ ಹುಡುಕಬೇಡಿ. ಗಂಗವ್ವ ಆಕೆಯ ಹೆಸರಲ್ಲ. ಸಾವಕಾರರು ವ್ಯಾಪಾರ ಮಾಡಿದ್ದು ಬಟ್ಟೆಯದಲ್ಲ. ವಾರ ಗುರುವಾರವಲ್ಲ, ಕಲೆ ಇದ್ದದ್ದು ತೋಳಿನ ಮೇಲೂ ಅಲ್ಲ. ರೊಟ್ಟಿಯ ಮಾತೊಂದನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ.